ತೊಟ್ಟಿಯ ನೀರು ಎಲ್ಲಿ ಹೋಯಿತು?

ಅಕ್ಕಂದಿರೇ, ಒಂದು ಊರಿನ ಕಥೆ ಹೇಳುತ್ತೇನೆ. ಕಥೆ ಸಣ್ಣದು. ಅದರೊಳಗಿನ ಜಗಳ ಮಾತ್ರ ದೊಡ್ಡದು.

ಆ ಊರಿನಲ್ಲಿ ಎರಡು ಕೇರಿ. ಒಂದು ದಿಬ್ಬದ ಮೇಲಿದೆ. ಅದು ಮೇಲಿನ ಕೇರಿ. ಇನ್ನೊಂದು ತಗ್ಗಿನಲ್ಲಿದೆ. ಅದು ಕೆಳಗಿನ ಕೇರಿ. ಎರಡು ಕೇರಿಗೂ ನೀರಿನ ಪೈಪು ಒಂದೇ. ದಿನ ಬಿಟ್ಟು ದಿನ, ಸಂಜೆ ಒಂದು ಗಂಟೆ ಹೊತ್ತು ನೀರು ಬರುತ್ತದೆ. ನೀರುಗಂಟಿ ವಾಲ್ವ್ ತೆರೆದರೆ ನೀರು ಬಂತು. ಮುಚ್ಚಿದರೆ ನೀರು ನಿಂತಿತು.

ಮೇಲಿನ ಕೇರಿಯಲ್ಲಿ ಅತ್ತೆ, ಸೊಸೆ ಇರುವ ಒಂದು ಮನೆ. ಎರಡು ಎಮ್ಮೆ ಕಟ್ಟಿದ್ದಾರೆ. ಮನೆ ಮುಂದೆ ಸಿಮೆಂಟಿನ ತೊಟ್ಟಿ ಇದೆ. ಎಮ್ಮೆ ನೀರು ಕುಡಿಯುವುದು ಅದರಲ್ಲೇ. ಬಟ್ಟೆ ಒಗೆಯಲು ಮೊಗೆಯುವುದೂ ಅದರಿಂದಲೇ. ಸೋಪು ಹತ್ತಿದ ಕೈ ಅದರೊಳಗೇ ಮುಳುಗುತ್ತದೆ. ನಲ್ಲಿಗೆ ಒಂದು ಹಸಿರು ಪೈಪು ಸಿಕ್ಕಿಸಿದ್ದಾರೆ. ಅದರ ತುದಿ ಸದಾ ತೊಟ್ಟಿಯ ಒಳಗೆ ಇರುತ್ತದೆ. ನಲ್ಲಿಯನ್ನು ತಿರುಗಿಸಿಯೇ ಇಟ್ಟಿರುತ್ತಾರೆ. ನೀರು ಬಂದರೆ ತೊಟ್ಟಿ ತಾನೇ ತುಂಬುತ್ತದೆ. ಕಾದು ನಿಲ್ಲುವ ಕೆಲಸವಿಲ್ಲ.

ಒಂದು ದಿನ ಬೆಳಗ್ಗೆ ಅತ್ತೆ ಎದ್ದು ನೋಡಿದರು. ರಾತ್ರಿ ತುಂಬಿದ್ದ ತೊಟ್ಟಿ ಬೆಳಗ್ಗೆ ಅರ್ಧ ಆಗಿತ್ತು.

“ಯಾರೋ ನೀರು ಕದ್ದವ್ರೆ ಕಣೆ!” ಎಂದರು.

“ನೀರು ಯಾರು ಕದೀತಾರೆ ಅತ್ತೆ?” ಎಂದಳು ಸೊಸೆ.

“ಯಾಕೆ ಕದಿಯಲ್ಲ? ಎದುರು ಮನೆಯವಳು ಮೊನ್ನೆ ನೀರೇ ಹಿಡಿದಿರ್ಲಿಲ್ಲ. ರಾತ್ರಿ ಕೊಡದ ಸದ್ದು ಕೇಳಿಸ್ತು ನಂಗೆ.”

ಅತ್ತೆ ಜಗಲಿಯಲ್ಲಿ ನಿಂತು ಹೆಸರು ಹೇಳದೆ ಬೈದರು. ಬೈಗುಳ ಯಾರಿಗೆ ಎಂದು ಕೇರಿಗೆಲ್ಲ ಗೊತ್ತಾಯಿತು. ಎದುರು ಮನೆಯವಳು ಹೊರಗೆ ಬಂದಳು.

“ನಿಮ್ಮ ಎಮ್ಮೆ ಎಂಜಲು ನೀರು ನನಗ್ಯಾಕೆ ಬೇಕು ದೊಡ್ಡಮ್ಮ? ನನ್ನ ಮಕ್ಕಳ ಮೇಲೆ ಆಣೆ ಇಟ್ಟು ಹೇಳ್ತೀನಿ, ನಾನು ಮುಟ್ಟಿಲ್ಲ!”

ಅತ್ತೆ ನಂಬಲಿಲ್ಲ. ಎರಡು ಮನೆಗೂ ಮಾತು ನಿಂತಿತು. ಹಾಲಿಗೆ ಹೆಪ್ಪು ಕೇಳುವುದು, ಬೆಂಕಿಪೊಟ್ಟಣ ಕೇಳುವುದು ಎಲ್ಲ ನಿಂತಿತು.

ಕೆಳಗಿನ ಕೇರಿಯ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ. ಜೊತೆಗೆ ಎರಡು ವರ್ಷದ ಮೊಮ್ಮಗು. ಅಜ್ಜಿಯ ನಲ್ಲಿಯೂ ಸದಾ ತೆರೆದೇ ಇರುತ್ತದೆ. ಅದರ ಕೆಳಗೆ ಒಂದು ಬಿಂದಿಗೆ ಇರುತ್ತದೆ. ನೀರು ಬಿದ್ದ ಸದ್ದಿಗೆ ಎಚ್ಚರವಾಗಲಿ ಎಂದು ಹಾಗೆ ಇಡುವುದು. ಈಚೆಗೆ ಒಂದು ಸೋಜಿಗ ಆಗಿತ್ತು. ನೀರುಗಂಟಿ ವಾಲ್ವ್ ಮುಚ್ಚಿ ಹೋದ ಮೇಲೂ ರಾತ್ರಿ ಬಿಂದಿಗೆ ತುಂಬುತ್ತಿತ್ತು.

“ಗಂಗಮ್ಮ ನಮ್ಮ ಮೇಲೆ ಕರುಣೆ ತೋರ್ಸವ್ಳೆ” ಎಂದು ಅಜ್ಜಿ ಖುಷಿಪಟ್ಟರು. ನೀರು ಸ್ವಲ್ಪ ಮಬ್ಬಾಗಿತ್ತು. ಸೋಪಿನ ವಾಸನೆಯೂ ಇತ್ತು. ನಲ್ಲಿ ನೀರು ತಾನೆ ಎಂದು ಬಟ್ಟೆಯಲ್ಲಿ ಸೋಸಿದರು. ಕುಡಿದರು, ಮಗುವಿಗೂ ಕುಡಿಸಿದರು.

ಮಗುವಿಗೆ ಭೇದಿ ಹಿಡಿಯಿತು. ಕಣ್ಣು ಒಳಗೆ ಹೋಯಿತು. ತುಟಿ ಒಣಗಿತು. ಆಶಾ ಕಾರ್ಯಕರ್ತೆ ಬಂದು ಓಆರ್‌ಎಸ್ ಪೊಟ್ಟಣ ಕೊಟ್ಟಳು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಇಡೀ ಪೊಟ್ಟಣ ಹಾಕಿ, ಸ್ವಲ್ಪ ಸ್ವಲ್ಪವಾಗಿ ಕುಡಿಸಲು ಹೇಳಿದಳು. ಆಮೇಲೆ ಮಗುವನ್ನು ಆಸ್ಪತ್ರೆಗೂ ಕರೆದುಕೊಂಡು ಹೋದರು. ನಾಲ್ಕು ದಿನಕ್ಕೆ ಮಗು ಚೇತರಿಸಿಕೊಂಡಿತು.

ಮೇಲಿನ ಕೇರಿಯ ತೊಟ್ಟಿಗೂ ಕೆಳಗಿನ ಕೇರಿಯ ಬಿಂದಿಗೆಗೂ ಏನು ಸಂಬಂಧ? ಅದನ್ನು ಕಂಡುಹಿಡಿದವಳು ಸೊಸೆ. ಅವಳು ಕಲಿಕಾ ಕೇಂದ್ರಕ್ಕೆ ಹೋಗಿ ಅಂಕಿ ಓದಲು ಕಲಿತು ಆರು ತಿಂಗಳಾಗಿತ್ತು, ಅಷ್ಟೆ.

ನೀರು ಬರುವ ದಾರಿ

ಮೊದಲು ನೀರಿನ ದಾರಿ ತಿಳಿಯೋಣ.

ಕೊಳವೆ ಬಾವಿಯ ನೀರನ್ನು ಮೋಟಾರ್ ಮೇಲೆತ್ತುತ್ತದೆ. ನೀರು ಎತ್ತರದ ಟ್ಯಾಂಕಿಗೆ ಹೋಗುತ್ತದೆ. ಟ್ಯಾಂಕನ್ನು ಎತ್ತರದಲ್ಲಿ ಯಾಕೆ ಕಟ್ಟುತ್ತಾರೆ? ಎತ್ತರದಿಂದ ಇಳಿಯುವ ನೀರಿಗೆ ಒತ್ತಡ ಇರುತ್ತದೆ. ಟ್ಯಾಂಕು ಎತ್ತರ ಇದ್ದಷ್ಟೂ ಒತ್ತಡ ಹೆಚ್ಚು. ಆ ಒತ್ತಡವೇ ನೀರನ್ನು ಮನೆಮನೆಗೆ ತಳ್ಳುತ್ತದೆ.

ಟ್ಯಾಂಕಿನಿಂದ ದಪ್ಪ ಪೈಪು ಇಳಿಯುತ್ತದೆ. ಬೀದಿಯಲ್ಲಿ ನೆಲದ ಕೆಳಗೆ ಸಾಗುತ್ತದೆ. ಒಂದೊಂದು ಮನೆಯ ಹತ್ತಿರ ಆ ಪೈಪಿನಿಂದ ಸಣ್ಣ ಪೈಪು ಕವಲು ಒಡೆಯುತ್ತದೆ. ಸಣ್ಣ ಪೈಪು ಸಾಮಾನ್ಯವಾಗಿ ಅರ್ಧ ಇಂಚಿನದು. ಮನೆ ಅಂಗಳದಲ್ಲಿ ಅದಕ್ಕೆ ಮೀಟರ್ ಕೂರಿಸುತ್ತಾರೆ. ಮೀಟರ್ ದಾಟಿದ ಮೇಲೆ ನಲ್ಲಿ.

2019ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಜಲ ಜೀವನ್ ಮಿಷನ್ ಎಂಬ ಯೋಜನೆ ಘೋಷಿಸಿತು. ಹಳ್ಳಿಯ ಪ್ರತಿ ಮನೆಗೂ ನಲ್ಲಿ ಹಾಕುವ ಯೋಜನೆ ಅದು. ನಮ್ಮ ಕರ್ನಾಟಕದಲ್ಲಿ ಅದನ್ನು ‘ಮನೆ ಮನೆಗೆ ಗಂಗೆ’ ಎಂದು ಕರೆದರು. ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕು ಎಂಬುದು ಅದರ ಲೆಕ್ಕ. ಹಲವು ಊರುಗಳಲ್ಲಿ ನಲ್ಲಿಯ ಜೊತೆ ಮೀಟರ್ ಕೂಡ ಬಂತು. ಮೀಟರ್ ಎಂದರೆ ಬಿಲ್ ಹಾಕುವ ಯಂತ್ರ ಎಂದು ಜನ ಮುನಿಸಿಕೊಂಡರು. ಆ ಮುನಿಸು ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಮೀಟರ್ ನಮ್ಮ ಪರವಾಗಿಯೂ ಸಾಕ್ಷಿ ಹೇಳುತ್ತದೆ. ಓದಲು ಬರಬೇಕು, ಅಷ್ಟೇ.

ಮೀಟರ್ ಓದೋಣ

ಮೀಟರ್ ಮುಚ್ಚಳ ಎತ್ತಿ. ಗಾಜು ಒರೆಸಿ. ಒಳಗೆ ಒಂದು ಸಾಲು ಅಂಕಿ ಕಾಣುತ್ತದೆ.

ಕಪ್ಪು ಅಂಕಿಗಳು ಸಾವಿರ ಲೀಟರಿನ ಲೆಕ್ಕ. ಕಪ್ಪಿನಲ್ಲಿ 36 ಇದ್ದರೆ 36 ಸಾವಿರ ಲೀಟರ್ ಹರಿದಿದೆ ಎಂದು ಅರ್ಥ. ಸಾವಿರ ಲೀಟರಿಗೆ ಒಂದು ಕಿಲೋಲೀಟರ್ ಎನ್ನುತ್ತಾರೆ. ಬಿಲ್ಲಿನಲ್ಲಿ ಇದೇ ಮಾತು ಇರುತ್ತದೆ.

ಕೆಂಪು ಅಂಕಿಗಳು ಬಿಡಿ ಲೀಟರಿನ ಲೆಕ್ಕ. ಕೆಂಪಿನಲ್ಲಿ 482 ಇದ್ದರೆ 482 ಲೀಟರ್. ಎರಡನ್ನೂ ಸೇರಿಸಿ ಓದಿ: 36 ಸಾವಿರದ 482 ಲೀಟರ್.

ಕೆಲವು ಮೀಟರ್‌ಗಳಲ್ಲಿ ಕೆಂಪು ಅಂಕಿ ಇರುವುದಿಲ್ಲ. ಬದಲಿಗೆ ಕೆಂಪು ಮುಳ್ಳಿನ ಪುಟ್ಟ ಪುಟ್ಟ ಗಡಿಯಾರಗಳು ಇರುತ್ತವೆ. ಒಂದು ಗಡಿಯಾರದ ಪಕ್ಕ 0.1 ಎಂದು ಬರೆದಿರುತ್ತದೆ. ಅದರ ಮುಳ್ಳು ನೂರರ ಲೆಕ್ಕ ಹೇಳುತ್ತದೆ. 0.01 ಎಂದಿರುವುದು ಹತ್ತರ ಲೆಕ್ಕ. 0.001 ಎಂದಿರುವುದು ಬಿಡಿ ಲೀಟರಿನ ಲೆಕ್ಕ. ಮುಳ್ಳು ಎರಡು ಅಂಕಿಗಳ ನಡುವೆ ಇದ್ದರೆ ಚಿಕ್ಕ ಅಂಕಿಯನ್ನೇ ಬರೆದುಕೊಳ್ಳಿ.

ಮೀಟರಿನ ಮೈಮೇಲೆ ಒಂದು ಬಾಣದ ಗುರುತು ಇರುತ್ತದೆ. ನೀರು ಆ ಬಾಣದ ಕಡೆಗೆ ಹರಿಯಬೇಕು. ಬೀದಿಯಿಂದ ಮನೆ ಕಡೆಗೆ. ನಿಮ್ಮ ಮೀಟರ್ ಉಲ್ಟಾ ಕೂರಿಸಿಲ್ಲ ತಾನೆ? ಒಮ್ಮೆ ನೋಡಿ.

ಇನ್ನೊಂದು ವಿಷಯ. ನಿಂತ ನೀರು ಮತ್ತೆ ಬರುವಾಗ ನಲ್ಲಿ ಮೊದಲು ಬುಸ್ ಎನ್ನುತ್ತದೆ. ಅದು ಪೈಪಿನಲ್ಲಿ ತುಂಬಿದ್ದ ಗಾಳಿ. ಆ ಗಾಳಿ ನುಗ್ಗುವಾಗಲೂ ಮೀಟರ್ ತಿರುಗಬಹುದು. ಗಾಳಿಗೂ ದುಡ್ಡು ಕೊಡಬೇಕೇ ಎಂದು ಹೆಂಗಸರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪಂಚಾಯಿತಿಯಲ್ಲಿ ಕೇಳಲೇಬೇಕಾದ ಪ್ರಶ್ನೆ. ಆದರೆ ನೋಡಿ, ಪೈಪಿನೊಳಗೆ ಗಾಳಿ ಬಂದದ್ದು ಎಲ್ಲಿಂದ? ಹೊರಗಿನಿಂದಲೇ ಬರಬೇಕು. ಗಾಳಿ ಒಳಗೆ ಬರುವ ದಾರಿಯಲ್ಲಿ ಕೊಳೆ ನೀರೂ ಬರಬಹುದು. ಇದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಸೊಸೆ ಮಾಡಿದ ಲೆಕ್ಕ

ಕಲಿಕಾ ಕೇಂದ್ರದಲ್ಲಿ ಕಳೆಯುವ ಲೆಕ್ಕ ನಡೆದಿತ್ತು. ಬೋಧಕಿ ಹೇಳಿದಳು: “ಮನೆ ಮೀಟರಿನ ಅಂಕಿಯನ್ನು ರಾತ್ರಿ ಒಂದು ಸಲ ಬರ್ಕೊಳ್ಳಿ. ಬೆಳಗ್ಗೆ ಒಂದು ಸಲ ಬರ್ಕೊಳ್ಳಿ. ಕಳೆದು ನೋಡಿ.”

ಆ ಸಂಜೆ ನೀರು ಬಂತು. ತೊಟ್ಟಿ ತುಂಬಿತು. ನೀರು ನಿಂತಿತು. ಸೊಸೆ ಟಾರ್ಚ್ ಬಿಟ್ಟು ಮೀಟರ್ ನೋಡಿದಳು. ಪುಸ್ತಕದಲ್ಲಿ ಬರೆದಳು:

ರಾತ್ರಿ: ಕಪ್ಪು 36, ಕೆಂಪು 482.

ಬೆಳಗ್ಗೆ ಎದ್ದಳು. ತೊಟ್ಟಿ ಮತ್ತೆ ಅರ್ಧ ಆಗಿತ್ತು. ಅತ್ತೆ ಎದುರು ಮನೆ ಕಡೆ ನೋಡುತ್ತಾ ಗೊಣಗಲು ಶುರು ಮಾಡಿದರು. ಸೊಸೆ ಮೀಟರ್ ಹತ್ತಿರ ಹೋದಳು. ಬರೆದಳು:

ಬೆಳಗ್ಗೆ: ಕಪ್ಪು 36, ಕೆಂಪು 361.

ಅವಳಿಗೆ ಅನುಮಾನ ಬಂತು. ತಪ್ಪಾಗಿ ಓದಿದೆನಾ? ಮತ್ತೆ ನೋಡಿದಳು. 361. ಬೆಳಗಿನ ಅಂಕಿ ರಾತ್ರಿಯ ಅಂಕಿಗಿಂತ ಕಡಿಮೆ! ಮೀಟರ್ ಅಂದರೆ ಮುಂದೆ ಹೋಗಬೇಕು. ಇದು ಹಿಂದೆ ಬಂದಿತ್ತು.

482ರಲ್ಲಿ 361 ಕಳೆದರೆ 121.

ಅಂದರೆ 121 ಲೀಟರ್ ನೀರು ಮೀಟರಿನ ಮೂಲಕ ಹಿಂದಕ್ಕೆ ಹೋಗಿದೆ. ಒಂದು ಕೊಡಕ್ಕೆ 15 ಲೀಟರ್ ಎಂದುಕೊಂಡರೂ ಎಂಟು ಕೊಡ. ಸೊಸೆ ತೊಟ್ಟಿಯನ್ನು ಸರಿಯಾಗಿ ನೋಡಿದಳು. ಹಸಿರು ಪೈಪಿನ ಬಾಯಿ ತೊಟ್ಟಿಯ ನಡುಮಟ್ಟದಲ್ಲಿ ಇತ್ತು. ನೀರು ಸರಿಯಾಗಿ ಆ ಬಾಯಿಯವರೆಗೆ ಇಳಿದು ನಿಂತಿತ್ತು. ಅದಕ್ಕಿಂತ ಕೆಳಗೆ ಇಳಿದಿರಲಿಲ್ಲ.

ಕಳ್ಳ ಸಿಕ್ಕಿಬಿದ್ದಿತ್ತು. ಕದ್ದದ್ದು ಹಸಿರು ಪೈಪು.

“ಅತ್ತೆ, ನೀರು ಕದ್ದಿರೋದು ಎದುರು ಮನೆ ಅಕ್ಕ ಅಲ್ಲ. ನಮ್ಮ ಪೈಪೇ ನೀರನ್ನ ಬೀದಿಗೆ ವಾಪಸ್ ಕಳಿಸೈತೆ” ಎಂದಳು.

ಅತ್ತೆ ಸ್ವಲ್ಪ ಹೊತ್ತು ಯೋಚಿಸಿದರು. “ಮೀಟರ್ ಹಿಂದಕ್ಕೆ ಹೋದ್ರೆ ಬಿಲ್ಲು ಕಮ್ಮಿ ಬರ್ತದಲ್ಲ. ಒಳ್ಳೇದೇ ಆಯ್ತಲ್ಲೇ?”

“ನಮ್ಮ ಎಮ್ಮೆ ತೊಟ್ಟಿ ನೀರು ಯಾರ್ದೋ ಮನೆ ಕುಡಿಯೋ ಕೊಡಕ್ಕೆ ಹೋಗೈತಲ್ಲ ಅತ್ತೆ!”

ಅತ್ತೆ ಸುಮ್ಮನಾದರು.

ಎಲ್ಲಾ ಮೀಟರ್‌ಗಳೂ ಹೀಗೆ ಹಿಂದೆ ತಿರುಗುವುದಿಲ್ಲ. ಕೆಲವು ಮೀಟರಿನ ಒಳಗೆ ನೀರನ್ನು ಹಿಂದೆ ಬಿಡದ ಪುಟ್ಟ ತಡೆ ಇರುತ್ತದೆ. ಅಲ್ಲಿ ಅಂಕಿ ಇದ್ದಲ್ಲೇ ನಿಲ್ಲುತ್ತದೆ. ನಿಮ್ಮ ಮೀಟರಿನ ಅಂಕಿ ಕಡಿಮೆ ಆಗಿದ್ದರೆ ಮಾತ್ರ ಅನುಮಾನವೇ ಬೇಡ, ನೀರು ಹಿಂದೆ ಹೋಗಿದೆ.

ಪೈಪು ಹೀರುವುದು ಹೇಗೆ?

ಹಿಂದೆ ನ್ಯಾಯಬೆಲೆ ಅಂಗಡಿಯಲ್ಲಿ ಸೀಮೆಎಣ್ಣೆ ಕೊಡುತ್ತಿದ್ದದ್ದು ನಿಮಗೆ ನೆನಪಿರಬಹುದು. ದೊಡ್ಡ ಬ್ಯಾರಲ್ಲಿಗೆ ಒಂದು ರಬ್ಬರ್ ಪೈಪು ಇಳಿಬಿಡುತ್ತಿದ್ದರು. ಇನ್ನೊಂದು ತುದಿಯನ್ನು ಬಾಯಲ್ಲಿ ಒಮ್ಮೆ ಎಳೆದು, ಕೆಳಗೆ ಇಟ್ಟ ಡಬ್ಬಕ್ಕೆ ಬಿಡುತ್ತಿದ್ದರು. ಆಮೇಲೆ ಎಳೆಯುವುದೇ ಬೇಡ. ಎಣ್ಣೆ ತಾನಾಗಿಯೇ ಪೈಪು ಹತ್ತಿ, ಇಳಿದು ಡಬ್ಬಕ್ಕೆ ಸುರಿಯುತ್ತಿತ್ತು. ಬ್ಯಾರಲ್ಲು ಮೇಲೆ ಇರಬೇಕು, ಡಬ್ಬ ಕೆಳಗೆ ಇರಬೇಕು, ಪೈಪಿನ ತುದಿ ಎಣ್ಣೆಯಲ್ಲಿ ಮುಳುಗಿರಬೇಕು. ಇಷ್ಟೇ ಬೇಕಾದದ್ದು.

ತೊಟ್ಟಿಯಲ್ಲಿ ಆದದ್ದೂ ಅದೇ. ತೊಟ್ಟಿ ಇರುವುದು ದಿಬ್ಬದ ಮೇಲೆ. ಅಜ್ಜಿಯ ನಲ್ಲಿ ಇರುವುದು ತಗ್ಗಿನಲ್ಲಿ. ನೀರುಗಂಟಿ ವಾಲ್ವ್ ಮುಚ್ಚಿದ ಮೇಲೆ ಬೀದಿ ಪೈಪಿಗೆ ಟ್ಯಾಂಕಿನ ಒತ್ತಡ ಇಲ್ಲ. ಪೈಪಿನಲ್ಲಿ ಉಳಿದ ನೀರು ತಗ್ಗಿಗೆ ಇಳಿಯುತ್ತದೆ. ತೆರೆದ ನಲ್ಲಿಯಲ್ಲಿ ಹೊರಗೆ ಬರುತ್ತದೆ. ಆಗ ಮೇಲಿನ ಪೈಪಿನಲ್ಲಿ ಎಳೆತ ಹುಟ್ಟುತ್ತದೆ. ಅಲ್ಲಿ ಯಾವ ಪೈಪಿನ ಬಾಯಿ ನೀರಿನಲ್ಲಿ ಮುಳುಗಿದೆಯೋ ಅಲ್ಲಿಂದ ನೀರನ್ನು ಹೀರಿಕೊಳ್ಳುತ್ತದೆ. ತೊಟ್ಟಿಯದೋ, ಬಕೆಟ್ಟಿನದೋ, ಕಲಗಚ್ಚಿನ ಬಾನಿಯದೋ, ಪೈಪಿಗೆ ಭೇದವಿಲ್ಲ.

ಅಜ್ಜಿಯ ಬಿಂದಿಗೆಗೆ ರಾತ್ರಿ ಬಂದ ಗಂಗಮ್ಮ ಇದೇ.

ಮಗುವಿನ ಭೇದಿಗೆ ಈ ನೀರೇ ಕಾರಣ ಎಂದು ಆಣೆ ಮಾಡಿ ಹೇಳಲು ಆಗುವುದಿಲ್ಲ. ಭೇದಿಗೆ ಹತ್ತು ದಾರಿ. ಕೈ ತೊಳೆಯದೆ ಉಣಿಸಿದರೂ ಬರುತ್ತದೆ, ನೊಣ ಕೂತ ಅನ್ನದಿಂದಲೂ ಬರುತ್ತದೆ. ಆದರೆ ಎಮ್ಮೆ ಕುಡಿದುಳಿದ ನೀರನ್ನು ಕುಡಿಸಿದ್ದು ಮಗುವಿಗೆ ಒಳ್ಳೆಯದು ಮಾಡಿರಲಾರದು.

ಇದಕ್ಕಿಂತ ಹೆದರಬೇಕಾದದ್ದು ಬೇರೆ ಇದೆ. ಬೆಳೆಗೆ ಔಷಧಿ ಹೊಡೆಯುವವರು ಡ್ರಮ್ಮಿನಲ್ಲಿ ಔಷಧಿ ಕಲಸುತ್ತಾರೆ. ನಲ್ಲಿಯ ಪೈಪನ್ನು ಆ ಡ್ರಮ್ಮಿನೊಳಗೇ ಬಿಟ್ಟು ನೀರು ತುಂಬಿಸುತ್ತಾರೆ. ಅದೇ ಹೊತ್ತಿಗೆ ನೀರು ನಿಂತರೆ? ವಿಷ ಬೀದಿ ಪೈಪಿಗೆ ಸೇರುತ್ತದೆ. ಕ್ರಿಮಿಗಳು ಕುದಿಸಿದರೆ ಸಾಯುತ್ತವೆ. ವಿಷ ಕುದಿಸಿದರೂ ಹೋಗುವುದಿಲ್ಲ. ಔಷಧಿ ಡ್ರಮ್ಮಿಗೆ ಬಕೆಟ್ಟಿನಲ್ಲೇ ನೀರು ಹೊತ್ತು ಹಾಕಲಿ. ಗಂಡಸರಿಗೆ ಕೆಲಸ ಹೆಚ್ಚಾಯಿತು ಎಂದರೆ ಆಗಲಿ.

ಹುಬ್ಬಳ್ಳಿ–ಧಾರವಾಡದಲ್ಲಿ ಕಂಡದ್ದು

ಇದು ಹಳ್ಳಿಯ ಮಾತು ಮಾತ್ರ ಅಲ್ಲ. ಪಟ್ಟಣದಲ್ಲೂ ಹೀಗೇ.

ಹುಬ್ಬಳ್ಳಿ–ಧಾರವಾಡದಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬಿಡುವ ವ್ಯವಸ್ಥೆ 2008ರ ಹೊತ್ತಿಗೆ ಬಂತು. ಉಳಿದ ವಾರ್ಡುಗಳಿಗೆ ಮೊದಲಿನಂತೆ ಕೆಲವು ದಿನಗಳಿಗೊಮ್ಮೆ ನೀರು. ಎರಡೂ ಕಡೆಗೆ ಹೋಗುತ್ತಿದ್ದದ್ದು ಶುದ್ಧ ಮಾಡಿದ ನೀರೇ. ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯದವರು ಎರಡೂ ಕಡೆಯ ನಲ್ಲಿ ನೀರನ್ನು ಒಂದು ವರ್ಷ ಪರೀಕ್ಷೆ ಮಾಡಿದರು. 2013ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು.

ಅವರು ಹುಡುಕಿದ್ದು ಇ-ಕೋಲಿ ಎಂಬ ಕ್ರಿಮಿಯನ್ನು. ಅದು ಮಲದಿಂದ ಬರುವ ಕ್ರಿಮಿ. ನೀರಿನಲ್ಲಿ ಅದು ಇದೆ ಎಂದರೆ ಆ ನೀರಿಗೆ ಮಲ ಸೇರಿದೆ ಎಂದು ಅರ್ಥ.

ಸದಾ ನೀರು ಬರುವ ನಲ್ಲಿಗಳಲ್ಲಿ ಸಾವಿರ ಸಲ ನೋಡಿದರೆ 7 ಸಲ ಆ ಕ್ರಿಮಿ ಸಿಗುವ ಲೆಕ್ಕ ಬಂತು. ಬಿಟ್ಟು ಬಿಟ್ಟು ಬರುವ ನಲ್ಲಿಗಳಲ್ಲಿ? ಸಾವಿರಕ್ಕೆ 317 ಸಲ.

ಈ ಎರಡು ಅಂಕಿಗಳನ್ನು ಇನ್ನೊಂದು ಸಲ ಓದಿ. 7. 317.

ಮಳೆ ಬಂದ ಮೇಲೆ ಬಿಟ್ಟು ಬಿಟ್ಟು ಬರುವ ನೀರು ಇನ್ನೂ ಕೆಡುತ್ತಿತ್ತು. ಯಾಕೆ ಇರಬಹುದು? ಬೀದಿ ಪೈಪು ನೆಲದ ಕೆಳಗೆ ಇರುತ್ತದೆ. ಅದರ ಪಕ್ಕದಲ್ಲೇ ಚರಂಡಿ ಇರುತ್ತದೆ. ಕೆಲವು ಕಡೆ ಚರಂಡಿಯ ಒಳಗೇ ಪೈಪು ಹಾದು ಹೋಗಿರುತ್ತದೆ. ಪೈಪಿನ ಜಾಯಿಂಟು ಸಡಿಲವಾಗಿರುತ್ತದೆ. ನೀರು ಒತ್ತಡದಿಂದ ಬರುವಾಗ ಅಲ್ಲಿಂದ ಹೊರಗೆ ಸೋರುತ್ತದೆ. ನೀರು ನಿಂತಾಗ ಅದೇ ತೂತಿನಿಂದ ಹೊರಗಿನ ಕೊಳೆ ಒಳಗೆ ಬರುತ್ತದೆ. ಸೋರುವ ತೂತೇ ಹೀರುವ ತೂತು. ಆದ್ದರಿಂದ ಬೀದಿಯಲ್ಲಿ ಪೈಪು ಸೋರುವುದು ಕಂಡರೆ, ನೀರು ದಂಡವಾಗುತ್ತದೆ ಎಂಬುದು ಒಂದೇ ಚಿಂತೆ ಅಲ್ಲ.

ಬಹಳ ಹಿಂದಿನ ಒಂದು ಸಂಗತಿಯೂ ಇದೆ. 1933ರಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ದೊಡ್ಡ ಮೇಳ ನಡೆಯಿತು. ಊರೂರಿನಿಂದ ಜನ ಬಂದು ಹೋಟೆಲುಗಳಲ್ಲಿ ಇಳಿದುಕೊಂಡರು. ಎರಡು ಹೋಟೆಲುಗಳಲ್ಲಿ ಪೈಪುಗಳ ಜೋಡಣೆ ಕೆಟ್ಟಿತ್ತು. ಕೊಳೆ ನೀರು ಕುಡಿಯುವ ನೀರಿಗೆ ಸೇರಿತು. ಸಾವಿರಕ್ಕೂ ಹೆಚ್ಚು ಜನಕ್ಕೆ ಆಮಶಂಕೆ ಬಂತು. 98 ಜನ ಸತ್ತರು. ದೊಡ್ಡ ಶ್ರೀಮಂತರ ಹೋಟೆಲಾದರೇನು, ಪೈಪಿಗೆ ಗೊತ್ತೇ?

ನಾಲ್ಕು ಬೆರಳಿನ ಜಾಗ

ಇದಕ್ಕೆಲ್ಲ ಮದ್ದು ಏನು? ಎಲ್ಲಕ್ಕಿಂತ ಒಳ್ಳೆಯ ಮದ್ದಿಗೆ ಒಂದು ಪೈಸೆಯೂ ಖರ್ಚಿಲ್ಲ. ನಲ್ಲಿಯ ಬಾಯಿ ನೀರಿಗೆ ತಾಗಬಾರದು. ಪೈಪಿನ ತುದಿ ನೀರಿನಲ್ಲಿ ಮುಳುಗಬಾರದು. ತುಂಬಿದ ತೊಟ್ಟಿಯ ಅಂಚಿಗೂ ನಲ್ಲಿಯ ಬಾಯಿಗೂ ನಡುವೆ ಜಾಗ ಇರಬೇಕು.

ಎಷ್ಟು ಜಾಗ? ನಲ್ಲಿಯ ಬಾಯಿ ಎಷ್ಟು ಅಗಲ ಇದೆಯೋ ಅದರ ಎರಡರಷ್ಟಾದರೂ ಬೇಕು, ಒಂದು ಇಂಚಿಗಿಂತ ಕಡಿಮೆ ಇರಬಾರದು ಎಂದು ಎಂಜಿನಿಯರ್‌ಗಳು ಲೆಕ್ಕ ಹಾಕಿದ್ದಾರೆ. ನಾವು ಅಳತೆ ಪಟ್ಟಿ ಹುಡುಕುವುದು ಬೇಡ. ಕೈಯ ನಾಲ್ಕು ಬೆರಳು ಒಟ್ಟಿಗೆ ಸೇರಿಸಿ ಅಡ್ಡ ಹಿಡಿಯಿರಿ. ಅಷ್ಟು ಜಾಗ ಬಿಡಿ. ನಡುವೆ ಗಾಳಿ ಇದ್ದರೆ ಪೈಪು ಗಾಳಿಯನ್ನು ಹೀರುತ್ತದೆ. ತೊಟ್ಟಿಯ ನೀರು ಅದಕ್ಕೆ ಸಿಗುವುದಿಲ್ಲ.

ನೀರು ಹಿಡಿದ ಮೇಲೆ ರಬ್ಬರ್ ಪೈಪನ್ನು ಬಿಚ್ಚಿ ನೇತುಹಾಕಿ. ನೆಲದ ಮೇಲೆ, ಬಚ್ಚಲಲ್ಲಿ ಬಿಡಬೇಡಿ. ನಲ್ಲಿಯನ್ನು ನಿಲ್ಲಿಸಿ. ನಲ್ಲಿ ತೆರೆದಿಟ್ಟು ಮಲಗಬೇಡಿ. ನಲ್ಲಿಗೆ ತಿರುಪು ಇಲ್ಲದಿದ್ದರೆ ಹಾಕಿಸಿ. ಕೆಲವು ಮನೆಗಳಲ್ಲಿ ನಲ್ಲಿ ಗುಂಡಿಯೊಳಗೆ ಇರುತ್ತದೆ. ತಗ್ಗಿನಲ್ಲಿ ಚೆನ್ನಾಗಿ ನೀರು ಬರುತ್ತದೆ ಎಂದು ನೆಲ ಅಗೆದು ನಲ್ಲಿ ಇಳಿಸಿರುತ್ತಾರೆ. ಆ ಗುಂಡಿಯಲ್ಲಿ ಕೊಳೆ ನೀರು ನಿಂತರೆ ನಲ್ಲಿಯೇ ಮುಳುಗುತ್ತದೆ. ಹೀಗಿದ್ದರೆ ಗುಂಡಿಯ ನೀರು ಹೊರಗೆ ಹರಿದು ಹೋಗಲು ದಾರಿ ಮಾಡಿ. ಇಲ್ಲವೇ ನಲ್ಲಿಯನ್ನು ಎತ್ತರಿಸಿ.

ಮನೆಯಲ್ಲಿ ಸಂಪು ಇದೆಯೇ? ಬೀದಿ ನೀರು ಬೀಳುವ ಪೈಪಿನ ಬಾಯಿ ಸಂಪಿನ ತುಂಬಿದ ಮಟ್ಟಕ್ಕಿಂತ ಮೇಲೆ ಇರಬೇಕು. ಸ್ವಂತ ಬೋರ್‌ವೆಲ್ ಇದ್ದರೆ ಅದರ ಪೈಪನ್ನು ಬೀದಿ ಪೈಪಿಗೆ ನೇರವಾಗಿ ಕೂಡಿಸಲೇಬಾರದು.

ಎನ್‌ಆರ್‌ವಿ ಎಂಬ ಒಂದು ವಾಲ್ವ್ ಸಿಗುತ್ತದೆ. ಪ್ಲಂಬರ್‌ಗೆ ಹಾಗೆಂದರೆ ಗೊತ್ತಾಗುತ್ತದೆ. ಅದು ಒಳಕ್ಕೆ ಮಾತ್ರ ತೆರೆಯುವ ಬಾಗಿಲಿನ ಹಾಗೆ. ನೀರು ಮನೆ ಕಡೆ ಬಂದರೆ ತೆರೆಯುತ್ತದೆ. ಹಿಂದೆ ಹೋಗಲು ನೋಡಿದರೆ ಮುಚ್ಚಿಕೊಳ್ಳುತ್ತದೆ. ಅದರ ಮೇಲೂ ಬಾಣದ ಗುರುತು ಇರುತ್ತದೆ. ಮೀಟರ್ ಆದ ಮೇಲೆ ಅದನ್ನು ಹಾಕಿಸಬಹುದು. ಹಾಕಿಸುವ ಮೊದಲು ನೀರುಗಂಟಿಗೆ ಹೇಳಿ. ಆದರೆ ಬಾಗಿಲಿಗೆ ಒಂದು ಕಲ್ಲು ಸಿಕ್ಕಿದರೆ ಬಾಗಿಲು ಮುಚ್ಚುವುದಿಲ್ಲ, ಅಲ್ಲವೇ? ಇದಕ್ಕೂ ಮರಳು, ಕಸ ಸಿಕ್ಕಿಕೊಂಡರೆ ಸರಿಯಾಗಿ ಮುಚ್ಚುವುದಿಲ್ಲ. ಅದಕ್ಕೇ ನಾನು ನಾಲ್ಕು ಬೆರಳಿನ ಜಾಗವನ್ನೇ ಹೆಚ್ಚು ನಂಬುತ್ತೇನೆ. ಆ ಜಾಗ ಕೆಡುವುದಿಲ್ಲ, ಸವೆಯುವುದಿಲ್ಲ.

ಬಿಟ್ಟು ಬಿಟ್ಟು ನೀರು ಬರುವ ಊರಾದರೆ ಮೊದಲು ಬಂದ ನೀರನ್ನು ಕುಡಿಯಲು ಹಿಡಿಯಬೇಡಿ. ಪೈಪಿಗೆ ಸೇರಿದ ಕೊಳೆ ಮೊದಲ ನೀರಿನಲ್ಲೇ ಹೆಚ್ಚು ಬರುತ್ತದೆ. ಅದನ್ನು ಬಟ್ಟೆಗೋ ಗಿಡಕ್ಕೋ ಬಳಸಿ. ನೀರು ತಿಳಿಯಾಗಿ ಬಂದ ಮೇಲೆ ಕುಡಿಯುವ ಕೊಡ ಇಡಿ. ಅದನ್ನೂ ಕೊತಕೊತ ಕುದಿಸಿ, ಆರಿಸಿ ಕುಡಿಯಿರಿ.

ಮೋಟಾರ್ ಹಾಕಿದ ಮನೆ

ಒಂದು ಕಷ್ಟದ ಮಾತು ಉಳಿದಿದೆ. ನಲ್ಲಿಯ ಪೈಪಿಗೇ ನೇರವಾಗಿ ಮೋಟಾರ್ ಹಾಕಿ ನೀರು ಎಳೆಯುವವರು ಎಲ್ಲಾ ಊರಿನಲ್ಲೂ ಇದ್ದಾರೆ. ಒಂದು ಮನೆಯವರು ಎಳೆದರೆ ಪಕ್ಕದ ಮನೆಗೆ ನೀರಿಲ್ಲ. ಆಗ ಪಕ್ಕದ ಮನೆಯವರೂ ಮೋಟಾರ್ ತರುತ್ತಾರೆ. ಕೊನೆಗೆ ಮೋಟಾರ್ ಇಲ್ಲದ ಬಡವರ ನಲ್ಲಿ ಒಣಗುತ್ತದೆ.

ಇಷ್ಟೇ ಅಲ್ಲ. ಮೋಟಾರ್ ಎಳೆಯುವಾಗ ಬೀದಿ ಪೈಪಿನಲ್ಲಿ ಜೋರು ಹೀರುವಿಕೆ ಆಗುತ್ತದೆ. ಸಡಿಲ ಜಾಯಿಂಟಿನ ಹತ್ತಿರ ಚರಂಡಿ ನೀರಿದ್ದರೆ ಅದನ್ನೂ ಎಳೆದುಕೊಳ್ಳುತ್ತದೆ. ಮೋಟಾರ್ ಹಾಕಿದವರ ಮನೆಗೇ ಆ ನೀರು ಮೊದಲು ಹೋಗುತ್ತದೆ. ಈ ಮಾತನ್ನು ಅವರಿಗೆ ಹೇಳಿ ನೋಡಿ. ಕಾನೂನಿಗೆ ಹೆದರದವರು ಇದಕ್ಕೆ ಹೆದರಬಹುದು. ಮೋಟಾರ್ ಬೇಕೇ ಬೇಕು ಎನ್ನುವವರು ನೀರನ್ನು ಮೊದಲು ಸಂಪಿಗೆ ಇಳಿಸಿಕೊಳ್ಳಲಿ. ಆ ಸಂಪಿನಿಂದ ಮೇಲಕ್ಕೆ ಎತ್ತಲಿ. ಅದು ತಪ್ಪಲ್ಲ.

ಕಪ್ಪಾದ ಬಾಟಲಿ

ಸೊಸೆ ತನ್ನ ಲೆಕ್ಕದ ಪುಸ್ತಕ ಹಿಡಿದು ಬೋಧಕಿಯ ಹತ್ತಿರ ಹೋದಳು. ಬೋಧಕಿ ಅವಳನ್ನು ನೀರು ಪರೀಕ್ಷೆ ಮಾಡುವ ಹೆಂಗಸರ ಹತ್ತಿರ ಕರೆದುಕೊಂಡು ಹೋದಳು. ಪ್ರತಿ ಊರಿನಲ್ಲಿ ಐದು ಜನ ಹೆಂಗಸರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕು ಎಂದು ಜಲ ಜೀವನ್ ಯೋಜನೆಯಲ್ಲಿ ಹೇಳಿದೆ. ನಿಮ್ಮ ಊರಿನಲ್ಲಿ ಆ ಐವರು ಯಾರು? ಪಂಚಾಯಿತಿಯಲ್ಲಿ ಕೇಳಿ.

ಪರೀಕ್ಷೆಗೆ ಒಂದು ಪುಟ್ಟ ಬಾಟಲಿ ಇರುತ್ತದೆ. ಅದರಲ್ಲಿ ಗುರುತು ಇರುವವರೆಗೆ ನೀರು ತುಂಬಿ ಮುಚ್ಚಿಡಬೇಕು. ಒಂದೆರಡು ದಿನ ಬಿಡಬೇಕು. ನೀರು ಕಪ್ಪಾದರೆ ಅದರಲ್ಲಿ ಕೆಟ್ಟ ಕ್ರಿಮಿ ಇರಬಹುದು ಎಂದು ಅರ್ಥ. ಅವರು ಮೂರು ಬಾಟಲಿ ತುಂಬಿದರು. ಒಂದು ಟ್ಯಾಂಕಿನ ನೀರು. ಒಂದು ಮೇಲಿನ ಕೇರಿಯ ತೊಟ್ಟಿಯ ನೀರು. ಇನ್ನೊಂದು ಅಜ್ಜಿಯ ನಲ್ಲಿಗೆ ರಾತ್ರಿ ಬಂದ ನೀರು.

ಟ್ಯಾಂಕಿನ ನೀರು ಹಾಗೇ ಇತ್ತು. ಉಳಿದ ಎರಡು ಬಾಟಲಿ ಕಪ್ಪಾಗಿದ್ದವು.

ಬಾಟಲಿಗಳನ್ನು ನೀರು ಮತ್ತು ನೈರ್ಮಲ್ಯ ಸಮಿತಿಯ ಸಭೆಗೆ ತಂದರು. ಆ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು ಎಂದು ನಿಯಮ ಇದೆ. ಸಭೆಯಲ್ಲಿ ಒಬ್ಬರು ಹೇಳಿದರು: “ನೀರುಗಂಟಿ ಬ್ಲೀಚಿಂಗ್ ಪುಡಿ ಸರಿಯಾಗಿ ಹಾಕಿಲ್ಲ. ಅದಕ್ಕೇ ಹಿಂಗಾಗೈತೆ.” ನೀರುಗಂಟಿಯ ಮುಖ ಸಣ್ಣಗಾಯಿತು.

ಸೊಸೆ ಎದ್ದು ನಿಂತಳು. ಅಷ್ಟು ಜನರ ಮುಂದೆ ಅವಳು ಮಾತಾಡಿದ್ದು ಅದೇ ಮೊದಲು.

“ಅಣ್ಣನ ತಪ್ಪಲ್ಲ. ಟ್ಯಾಂಕಿನ ನೀರು ಚೆನ್ನಾಗೈತೆ, ಬಾಟ್ಲಿ ನೋಡಿ. ಕೆಟ್ಟಿರೋದು ಪೈಪಲ್ಲಿ. ಕೆಡ್ಸಿರೋದು ನಮ್ಮನೆ ತೊಟ್ಟಿ. ಇಲ್ಲಿ ಬರ್ಕೊಂಡಿವ್ನಿ. ರಾತ್ರಿ 482. ಬೆಳಗ್ಗೆ 361.”

ಪುಸ್ತಕ ಕೈಯಿಂದ ಕೈಗೆ ಹೋಯಿತು. ಓದು ಬಂದವರು ಓದಿದರು. ಓದು ಬಾರದವರು ಪಕ್ಕದವರನ್ನು ಕೇಳಿದರು.

ಮಾರನೆಯ ದಿನ ನೀರುಗಂಟಿ ಎರಡೂ ಕೇರಿ ಸುತ್ತಿದ. ನೀರಿನಲ್ಲಿ ಮುಳುಗಿದ್ದ ಪೈಪುಗಳು ಒಂಬತ್ತು ಮನೆಯಲ್ಲಿ ಸಿಕ್ಕವು. ತಿರುಪಿಲ್ಲದ ನಲ್ಲಿಗಳು ನಾಲ್ಕು. ಚರಂಡಿಯ ಪಕ್ಕ ಸೋರುವ ಜಾಯಿಂಟು ಒಂದು. ಜಾಯಿಂಟು ಸರಿ ಮಾಡಲು ಮೂರು ವಾರ ಬೇಕಾಯಿತು. ಅಷ್ಟರಲ್ಲಿ ಸೊಸೆ ಎರಡು ಸಲ ಪಂಚಾಯಿತಿಗೆ ಅರ್ಜಿ ಬರೆದಳು. ಎರಡನೆಯ ಅರ್ಜಿಯಲ್ಲಿ ತಪ್ಪು ಕಡಿಮೆ ಇತ್ತು.

ಅತ್ತೆ ಮೂರು ದಿನ ಸುಮ್ಮನಿದ್ದರು. ನಾಲ್ಕನೆಯ ದಿನ ಹಾಲು ಕಾಯಿಸಿದರು. ಮನೆಯಲ್ಲಿ ಮೊಸರಿತ್ತು. ಆದರೂ ಒಂದು ಲೋಟ ಹಿಡಿದುಕೊಂಡು ಎದುರು ಮನೆಗೆ ಹೋದರು.

“ಒಸಿ ಹೆಪ್ಪು ಇದ್ರೆ ಕೊಡವ್ವ” ಎಂದರು.

ಎದುರು ಮನೆಯವಳು ಅವರ ಮುಖ ನೋಡಿದಳು. ಒಳಗೆ ಹೋಗಿ ಹೆಪ್ಪು ತಂದಳು. “ಕೂತ್ಕೊಳ್ಳಿ ದೊಡ್ಡಮ್ಮ. ಟೀ ಇಡ್ತೀನಿ” ಎಂದಳು.

ಬರೆಯಿರಿ, ಲೆಕ್ಕ ಮಾಡಿ

1. ನಿಮ್ಮ ಮನೆಯ ಮೀಟರ್ ಓದಿ. ನೀರು ನಿಂತ ಮೇಲೆ ಒಂದು ಸಲ, ಬೆಳಗ್ಗೆ ಒಂದು ಸಲ ಬರೆಯಿರಿ.

ರಾತ್ರಿ: ಕಪ್ಪು ........ ಕೆಂಪು ........
ಬೆಳಗ್ಗೆ: ಕಪ್ಪು ........ ಕೆಂಪು ........

ಎರಡೂ ಒಂದೇ ಇದೆಯೇ? ಹೆಚ್ಚಾಗಿದೆಯೇ? ಕಡಿಮೆಯಾಗಿದೆಯೇ?

2. ಒಬ್ಬರಿಗೆ ದಿನಕ್ಕೆ 55 ಲೀಟರ್. ಮನೆಯಲ್ಲಿ 5 ಜನ ಇದ್ದರೆ ದಿನಕ್ಕೆ ಎಷ್ಟು ಲೀಟರ್? 30 ದಿನಕ್ಕೆ ಎಷ್ಟು? ಅದು ಎಷ್ಟು ಕಿಲೋಲೀಟರ್?

3. ನೀರು ಬರುವ ಹೊತ್ತಿನಲ್ಲಿ ಮನೆಯ ಎಲ್ಲಾ ನಲ್ಲಿ ನಿಲ್ಲಿಸಿ. ಮೀಟರಿನ ಒಳಗೆ ನಕ್ಷತ್ರದಂಥ ಪುಟ್ಟ ಚಕ್ರ ಇದ್ದರೆ ಅದನ್ನು ನೋಡಿ. ನಿಂತಿದೆಯೇ? ತಿರುಗುತ್ತಿದ್ದರೆ ಮೀಟರಿನಿಂದ ಈಚೆಗೆ, ನಿಮ್ಮ ಮನೆಯೊಳಗೆ ಎಲ್ಲೋ ಸೋರುತ್ತಿದೆ. ಎಲ್ಲಿ ಎಂದು ಹುಡುಕಿ.

4. ನಿಮ್ಮ ಕೇರಿಯಲ್ಲಿ ನೀರಿನಲ್ಲಿ ಮುಳುಗಿದ ಪೈಪುಗಳು ಎಷ್ಟಿವೆ? ಎಣಿಸಿ ಬರೆಯಿರಿ: ........